ನೆಟ್ಸ್‌ನಲ್ಲಿ ಹುಲಿ

"ನೆಟ್ಸ್‌ನಲ್ಲಿ ಸಖತ್ತಾಗಿ ಆಡ್ತಾನೆ ಗುರೂ, ಮ್ಯಾಚ್‌ನಲ್ಲೇ ಯಾಕೋ ಕ್ಲಿಕ್ ಆಗ್ತಿಲ್ಲ."

ಬೆಂಗಳೂರಿನ ಯಾವುದಾದರೂ ಕಂಪನಿ ತಂಡದಲ್ಲಿ ಒಂದು ಸೀಸನ್ ಆಡಿದ್ದರೆ ಈ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಹೇಳುವವರ ದನಿಯಲ್ಲಿ ಒಂದು ನಂಬಿಕೆ ಇರುತ್ತೆ, ಗಮನಿಸಿ. ನೆಟ್ಸ್‌ನಲ್ಲಿ ಕಂಡದ್ದು ಅವನ ನಿಜವಾದ ಆಟ, ಮ್ಯಾಚ್‌ನಲ್ಲಿ ಕಂಡದ್ದು ಅವನ ಗ್ರಹಚಾರ. ನನ್ನ ತಕರಾರು ಇರೋದೇ ಇಲ್ಲಿ. ಮ್ಯಾಚ್‌ನಲ್ಲಿ ಕಂಡದ್ದೇ ಆಟ. ನೆಟ್ಸ್‌ನಲ್ಲಿ ಕಂಡದ್ದು ಆಟದ ಒಂದು ತುಂಡು, ಅದೂ ಅತ್ಯಂತ ಸುಲಭದ ತುಂಡು. ಆ ತುಂಡನ್ನು ನೋಡಿ ಮುಂದಿನ ಭಾನುವಾರದ ಹನ್ನೊಂದು ಜನರನ್ನು ಆರಿಸುವುದು ಬರೀ ದಡ್ಡತನ ಆಗಿದ್ದರೆ ನಾನು ಬರೆಯುವ ಗೋಜಿಗೆ ಹೋಗ್ತಿರಲಿಲ್ಲ. ಅದು ಅನ್ಯಾಯ ಕೂಡ. ಆ ಅನ್ಯಾಯದ ಬಿಲ್ಲು ಬಹುತೇಕ ಊರ ಕಡೆಯಿಂದ ಬಂದ ಹುಡುಗರ ಹೆಸರಿಗೇ ಬರುತ್ತೆ.

ನಮ್ಮ ಹಿರಿಯರಿಗೆ ಈ ವಿಷಯ ಗೊತ್ತಿತ್ತು. ಇಲ್ಲದಿದ್ದರೆ ಉತ್ತರಕುಮಾರನ ಪೌರುಷ ಒಲೆ ಮುಂದೆ ಅನ್ನೋ ಮಾತು ಹುಟ್ಟುತ್ತಲೇ ಇರಲಿಲ್ಲ. ಅಂತಃಪುರದಲ್ಲಿ ಹೆಂಗಸರ ಮುಂದೆ ಕೌರವರನ್ನೆಲ್ಲ ಮಾತಲ್ಲೇ ಸದೆಬಡಿದ ರಾಜಕುಮಾರ, ನಿಜವಾದ ಸೈನ್ಯ ಕಂಡ ಕೂಡಲೇ ರಥದಿಂದ ಹಾರಿ ಓಡಿದ. ಆ ದಿನ ವಿರಾಟನ ಅರಮನೆಯಲ್ಲಿ ಸೆಲೆಕ್ಷನ್ ಟ್ರಯಲ್ಸ್ ನಡೆದಿದ್ದರೆ ಯಾರು ಪಾಸಾಗುತ್ತಿದ್ದರು ಹೇಳಿ? ಉತ್ತರನೇ. ನಾಟ್ಯ ಕಲಿಸುವ ಬೃಹನ್ನಳೆಯನ್ನು ಗೇಟಿನಲ್ಲೇ ವಾಪಸ್ ಕಳಿಸುತ್ತಿದ್ದರು.

ಕಾಲೇಜು ತಂಡಗಳ ಆಯ್ಕೆ ಹೇಗೆ ನಡೆಯುತ್ತೆ ಅಂತ ನೋಡಿದವರಿಗೆ ಇದು ತಮಾಷೆ ಅನ್ನಿಸೋದಿಲ್ಲ. ನಾನು ಬೀದರ್ ತಾಲೂಕಿನ ಮನ್ನಳ್ಳಿಯವನು. ಓದಿದ್ದು ಬಿಇ. ಕಾಲೇಜಿನ ಹೆಸರು ಬೇಡ, ಏಕೆಂದರೆ ಈ ಪದ್ಧತಿ ಆ ಒಂದು ಕಾಲೇಜಿನದ್ದಲ್ಲ. ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ: ನಾಳೆ ಬೆಳಿಗ್ಗೆ ಆರೂವರೆಗೆ ಕ್ರಿಕೆಟ್ ಟ್ರಯಲ್ಸ್. ಬಂದವರು ನಲವತ್ತು ಚಿಲ್ಲರೆ ಹುಡುಗರು. ತಲಾ ಆರು ಬಾಲ್. ಆರು ಬಾಲ್ ಆಡು, ಆರು ಬಾಲ್ ಹಾಕು, ಹೆಸರು ಬರೆಸಿ ಹೋಗು. ಎಂಟೂವರೆಗೆ ಪಟ್ಟಿ ರೆಡಿ, ಯಾಕಂದರೆ ಒಂಬತ್ತಕ್ಕೆ ಕ್ಲಾಸು.

ಔರಾದ್ ಕಡೆಯ ಒಬ್ಬ ಹುಡುಗ ನಮ್ಮ ಜೊತೆ ಓದುತ್ತಿದ್ದ. ಹಬ್ಬ-ಜಾತ್ರೆಗೆ ನಮ್ಮ ಕಡೆ ಟೆನಿಸ್ ಬಾಲ್ ಟೂರ್ನಿ ನಡೆಯುತ್ತವಲ್ಲ, ಅಂಥ ಮ್ಯಾಚುಗಳಲ್ಲಿ ಇವನು ಕೊನೇ ಓವರಿಗೆ ಹದಿನಾಲ್ಕು ಬೇಕಾದಾಗ ನಿಲ್ಲುವ ಮನುಷ್ಯ. ಎರಡು ಮೂರು ಊರಿನ ತಂಡದವರು ಬೈಕು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಟ್ರಯಲ್ಸ್‌ನಲ್ಲಿ ಅವನಿಗೆ ಸಿಕ್ಕ ಆರು ಬಾಲಿನಲ್ಲಿ ಎರಡು ಬೀಟ್ ಆದ, ಒಂದು ಕಾಲಿಗೆ ತಗೊಂಡ. ಲೆದರ್ ಬಾಲಿಗೆ ಪ್ಯಾಡ್ ಕಟ್ಟಿ ನಿಂತದ್ದೇ ಅವತ್ತು ಮೊದಲ ಸಲ. ಪ್ಯಾಡಿನ ಪಟ್ಟಿ ಯಾವ ಕಡೆ ಬರಬೇಕು ಅಂತಲೂ ಗೊತ್ತಿರಲಿಲ್ಲ. "ಸ್ಟಾನ್ಸೇ ಸರಿ ಇಲ್ಲ" ಅಂತ ತೀರ್ಪಾಯಿತು. ಆಯ್ಕೆಯಾದವನು ಶಾಲೆಯಿಂದಲೇ ಕೋಚಿಂಗ್‌ಗೆ ಹೋಗಿದ್ದ ಹುಡುಗ. ಮೊಣಕೈ ಎತ್ತರ, ತಲೆ ಸ್ಥಿರ, ಫಾಲೋ ಥ್ರೂನಲ್ಲಿ ಫೋಟೋ ತೆಗೆಯುವಷ್ಟು ಹೊತ್ತು ನಿಲ್ಲುತ್ತಿದ್ದ. ಆ ವರ್ಷ ಅವನು ಆಡಿದ ಯಾವ ಮ್ಯಾಚ್‌ನಲ್ಲೂ ಎರಡಂಕಿ ದಾಟಲಿಲ್ಲ. ಮರುವರ್ಷವೂ ತಂಡದಲ್ಲಿದ್ದ, ಕಾರಣ ಮೇಲಿನದ್ದೇ: ನೆಟ್ಸ್‌ನಲ್ಲಿ ಚೆನ್ನಾಗಿ ಆಡ್ತಾನೆ.

ಇದರಲ್ಲೇನು ಮಹಾ, ಕಾಲೇಜು ಕ್ರಿಕೆಟ್ ತಾನೆ ಅನ್ನಬೇಡಿ. ಕಾಲೇಜು ತಂಡ ಸಿಕ್ಕರೆ ವಿಟಿಯು ವಲಯ ಮಟ್ಟದ ಪಂದ್ಯ, ಅಲ್ಲಿ ಕಣ್ಣಿಗೆ ಬಿದ್ದರೆ ವಿಶ್ವವಿದ್ಯಾಲಯ ತಂಡ, ಅದರ ಸರ್ಟಿಫಿಕೇಟು. ಬೆಂಗಳೂರಿನ ಹುಡುಗನಿಗೆ ಅದು ಗೋಡೆಗೆ ತೂಗುಹಾಕುವ ಕಾಗದ. ಹಳ್ಳಿ ಹುಡುಗನಿಗೆ ಅದು ರೈಲ್ವೆಯ ಸ್ಪೋರ್ಟ್ಸ್ ಕೋಟಾದ ಬಾಗಿಲು. ಆರು ಬಾಲು ಆ ಬಾಗಿಲನ್ನು ಮುಚ್ಚುತ್ತೆ.

ನೆಟ್ಸ್‌ನಲ್ಲಿ ಏನು ಇರೋದಿಲ್ಲ ಅಂತ ಒಮ್ಮೆ ಯೋಚಿಸಿ. ಫೀಲ್ಡರುಗಳಿಲ್ಲ. ಡೀಪ್ ಮಿಡ್‌ವಿಕೆಟ್ಟಿನಲ್ಲಿ ಸುಲಭದ ಕ್ಯಾಚ್ ಆಗಬೇಕಿದ್ದ ಹೊಡೆತ ಬಲೆಗೆ ಬಡಿದು ಢಬ್ ಅಂತ ಸದ್ದು ಮಾಡುತ್ತೆ, ಪಕ್ಕದಲ್ಲಿ ನಿಂತವರು "ಶಾಟ್!" ಅಂತಾರೆ. ಔಟಾದರೆ ಹೊರಗೆ ಹೋಗಬೇಕಿಲ್ಲ. ಬೌಲರ್ ಅರ್ಧ ಅಡಿ ಮುಂದೆ ಕಾಲಿಟ್ಟರೂ ನೋ ಬಾಲ್ ಅನ್ನುವವರಿಲ್ಲ. ರನ್ ಓಡುವುದಿಲ್ಲ, ಹಾಗಾಗಿ ಏದುಸಿರು ಬಿಡುತ್ತಾ ಮುಂದಿನ ಬಾಲ್ ಆಡುವ ಸಂದರ್ಭ ಬರುವುದೇ ಇಲ್ಲ. ಪ್ಯಾಡ್ ಕಟ್ಟಿಕೊಂಡು ಎರಡು ತಾಸು ಕೂತು, ಸಟಕ್ಕನೆ ಎದ್ದು ಹೋಗಿ ಎದುರಿಸುವ ಮೊದಲ ಬಾಲ್ ಅನ್ನೋದು ಇಲ್ಲ. ಸ್ಕೋರ್ ಬೋರ್ಡ್ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮನ್ನು ಸೋಲಿಸಲೇಬೇಕು ಅಂತ ಬಂದವನು ಅಲ್ಲಿಲ್ಲ. ಎದುರಿಗಿರುವವನು ನಿಮ್ಮದೇ ತಂಡದವನು, ಅಭ್ಯಾಸ ಮುಗಿದ ಮೇಲೆ ನಿಮ್ಮ ಜೊತೆ ಚಹಾ ಕುಡಿಯುವವನು. ಕಬಡ್ಡಿಯಲ್ಲಂತೂ ಇದು ಇನ್ನೂ ಸ್ಪಷ್ಟ. ದಿನಾ ಜೊತೆಗಾಡುವ ಹುಡುಗ ಯಾವ ಕಾಲು ಮುಂದಿಡುತ್ತಾನೆ, ಯಾವಾಗ ಪಾದಕ್ಕೆ ಕೈ ಹಾಕುತ್ತಾನೆ ಅಂತ ಕಣ್ಣು ಮುಚ್ಚಿಕೊಂಡು ಹೇಳಬಹುದು. ಅವನ ಮೇಲೆ ಹತ್ತು ಪಾಯಿಂಟ್ ತಂದವನು ಭಾಲ್ಕಿಯ ತಂಡದ ಎದುರು ಒಂದೂ ತರದೆ ಕೂತರೆ ಅಚ್ಚರಿ ಏನಿದೆ?

ಅಮೆರಿಕದ ಕಾಲೇಜು ಫುಟ್‌ಬಾಲ್ ಇದಕ್ಕೆ ಚೊಕ್ಕ ಉದಾಹರಣೆ. ಅದು ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಆಟ. ತಂಡದ ಮಿದುಳು ಅಂದರೆ ಕ್ವಾರ್ಟರ್‌ಬ್ಯಾಕ್, ಚೆಂಡನ್ನು ಯಾರಿಗೆ ಎಸೆಯಬೇಕು ಅಂತ ತೀರ್ಮಾನಿಸುವವನು. ಪಂದ್ಯದಲ್ಲಿ ಅವನ ಕಷ್ಟ ಒಂದೇ: ನೂರಿಪ್ಪತ್ತು ಕಿಲೋ ತೂಗುವ ನಾಲ್ಕು ಜನ ಅವನನ್ನು ನೆಲಕ್ಕೆ ಕೆಡವಲು ಓಡಿ ಬರುತ್ತಿರುವಾಗ ಆ ತೀರ್ಮಾನ ಮಾಡಬೇಕು. ಅಭ್ಯಾಸದಲ್ಲಿ ಅವನಿಗೆ ಬೇರೆ ಬಣ್ಣದ ಅಂಗಿ ತೊಡಿಸುತ್ತಾರೆ. ಆ ಅಂಗಿಯ ಅರ್ಥ, ಇವನನ್ನು ಯಾರೂ ಮುಟ್ಟಬಾರದು. ಪೆಟ್ಟಾಗಬಾರದು ಅಂತ ಮಾಡಿದ ನಿಯಮ, ಸರಿಯೇ. ಆದರೆ ಹಾಗೆ ಅಂಗಿ ತೊಟ್ಟು ಎಸೆದ ಚೆಂಡುಗಳನ್ನು ಎಣಿಸಿ "ಈ ವರ್ಷ ಇವನೇ ನಮ್ಮ ಹೀರೋ" ಅಂದರೆ ಹೇಗೆ? ಯಾವ ಕಷ್ಟಕ್ಕಾಗಿ ಅವನು ಬೇಕೋ ಆ ಕಷ್ಟವನ್ನೇ ತೆಗೆದಿಟ್ಟು ಅವನನ್ನು ಅಳೆದಂತಾಯಿತು.

ಇದೇ ಆಟದಲ್ಲಿ ಟಾಮ್ ಬ್ರೇಡಿ ಅನ್ನುವವನಿದ್ದ. 2000ರಲ್ಲಿ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಓಡಿಸಿ, ಹಾರಿಸಿ ಪರೀಕ್ಷಿಸಿದಾಗ ಅವನು ನಲವತ್ತು ಗಜ ಓಡಲು 5.28 ಸೆಕೆಂಡ್ ತಗೊಂಡ. ಆ ಮಟ್ಟಕ್ಕೆ ಅದು ಎತ್ತಿನಗಾಡಿ ವೇಗ. 198 ಜನರನ್ನು ಆರಿಸಿದ ಮೇಲೆ 199ನೆಯವನಾಗಿ ಅವನನ್ನು ತಗೊಂಡರು. ಕಾಲೇಜು ಪಂದ್ಯಗಳಲ್ಲಿ ಸೋಲುವ ಆಟವನ್ನು ಅವನು ಗೆಲ್ಲಿಸಿಕೊಟ್ಟದ್ದು ಎಲ್ಲರ ಕಣ್ಣೆದುರೇ ಇತ್ತು. ಮುಂದೆ ಏಳು ಸೂಪರ್ ಬೌಲ್ ಗೆದ್ದ. ಒಂದು ಉದಾಹರಣೆಯಿಂದ ಏನೂ ಸಾಬೀತಾಗೋದಿಲ್ಲ, ಒಪ್ಪುತ್ತೇನೆ. ಆದರೆ ಆ ಲೀಗಿನ ಆಟಗಾರರ ಮೇಲೆ 2011ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು: ಮುಂದಿನ ಆಟವನ್ನು ಊಹಿಸಲು ದೈಹಿಕ ಪರೀಕ್ಷೆಗಳಿಗಿಂತ ಕಾಲೇಜು ಪಂದ್ಯಗಳ ದಾಖಲೆಯೇ ಮೇಲು.

ಇಲ್ಲಿಯವರೆಗಿನದ್ದು ನಿಮಗೂ ಹೊಳೆದಿರಬಹುದು. ಮುಂದಿನದ್ದು ನನಗೆ ಹೆಚ್ಚು ಮುಖ್ಯ. ಅಭ್ಯಾಸದಲ್ಲಿ ಚೆನ್ನಾಗಿ ಕಾಣುವುದು ಎಷ್ಟೋ ಸಲ ಕಲಿಕೆ ನಡೆಯುತ್ತಿಲ್ಲ ಅನ್ನುವುದರ ಗುರುತು.

1979ರಲ್ಲಿ ಶೇ ಮತ್ತು ಮಾರ್ಗನ್ ಎಂಬಿಬ್ಬರು ಅಮೆರಿಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಕೈಯಲ್ಲಿ ಟೆನಿಸ್ ಚೆಂಡು ಹಿಡಿದು, ಪುಟ್ಟ ಮರದ ಹಲಗೆಗಳನ್ನು ಹೇಳಿದ ಕ್ರಮದಲ್ಲಿ ಆದಷ್ಟು ಬೇಗ ಬೀಳಿಸಬೇಕು. ಅಂಥ ಮೂರು ಕ್ರಮಗಳು. ಒಂದು ಗುಂಪು ಮೊದಲನೆಯದನ್ನೇ ಪೂರ್ತಿ ಮಾಡಿ ಮುಗಿಸಿ, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಇನ್ನೊಂದು ಗುಂಪಿಗೆ ಮೂರನ್ನೂ ಕಲಸುಮೇಲೋಗರ ಮಾಡಿ ಕೊಟ್ಟರು. ಅಭ್ಯಾಸದ ವೇಳೆ ಮೊದಲ ಗುಂಪೇ ವೇಗ. ಹತ್ತು ದಿನ ಬಿಟ್ಟು ಮತ್ತೆ ಕರೆದು ಪರೀಕ್ಷಿಸಿದಾಗ ಕಲಸುಮೇಲೋಗರದ ಗುಂಪು ಮುಂದೆ. ಅಭ್ಯಾಸದ ದಿನವೇ ಆಯ್ಕೆ ಮಾಡಿದ್ದರೆ ಯಾರು ಹೊರಗೆ ಬೀಳುತ್ತಿದ್ದರು ಅಂತ ಬಿಡಿಸಿ ಹೇಳಬೇಕಿಲ್ಲ.

ಪ್ರಯೋಗಾಲಯದ ಮಾತು ಬೇಡ ಅನ್ನುವವರಿಗೆ ಮೈದಾನದ್ದು: 1994ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಾಲೇಜಿನ ಬೇಸ್‌ಬಾಲ್ ಆಟಗಾರರನ್ನು ಮೂರು ಗುಂಪು ಮಾಡಿದರು. ಎರಡು ಗುಂಪಿಗೆ ವಾರಕ್ಕೆ ಎರಡು ಸಲದಂತೆ ಆರು ವಾರ ಹೆಚ್ಚುವರಿ ಬ್ಯಾಟಿಂಗ್, ಪ್ರತಿ ಸಲ 45 ಚೆಂಡು. ಒಂದು ಗುಂಪಿಗೆ 15 ವೇಗದವು, ನಂತರ 15 ತಿರುವಿನವು, ನಂತರ 15 ನಿಧಾನದವು, ಸಾಲಾಗಿ. ಇನ್ನೊಂದಕ್ಕೆ ಅವೇ 45, ಆದರೆ ಯಾವುದು ಬರುತ್ತೆ ಅಂತ ಗೊತ್ತಿಲ್ಲ. ಮೂರನೇ ಗುಂಪಿಗೆ ಹೆಚ್ಚುವರಿ ಏನೂ ಇಲ್ಲ. ಕೊನೆಗೆ ಪಂದ್ಯದಲ್ಲಿ ಬರುವಂತೆ ಕಲಸಿ ಚೆಂಡು ಹಾಕಿ ನೋಡಿದಾಗ ಸುಧಾರಣೆ: ಸಾಲು ಗುಂಪಿಗೆ ಸುಮಾರು ಶೇ 25, ಕಲಸಿದ ಗುಂಪಿಗೆ ಶೇ 57, ಏನೂ ಇಲ್ಲದವರಿಗೆ ಶೇ 6. ಅದೇ ಮೈದಾನ, ಅಷ್ಟೇ ಚೆಂಡು. ವ್ಯತ್ಯಾಸ ಇಷ್ಟೇ, ಒಬ್ಬರು ಮುಂದಿನದ್ದು ಏನು ಅಂತ ಗೊತ್ತಿದ್ದು ಆಡಿದರು, ಇನ್ನೊಬ್ಬರು ಗೊತ್ತಿಲ್ಲದೆ ಆಡಿದರು.

ಈಗ ನಿಮ್ಮ ಮನೆ ಹತ್ತಿರದ ಅಕಾಡೆಮಿಯ ಬೌಲಿಂಗ್ ಮಷೀನ್ ನೆನಪಿಸಿಕೊಳ್ಳಿ. ಒಂದೇ ವೇಗ, ಒಂದೇ ಜಾಗ, ಐವತ್ತು ಸಲ. ಮಗು ಹನ್ನೆರಡನೇ ಬಾಲಿನ ಹೊತ್ತಿಗೆ ಕವರ್ ಡ್ರೈವ್ ಹೊಡೆಯಲು ಶುರು ಮಾಡುತ್ತೆ. ಬಲೆಯಾಚೆ ನಿಂತ ಅಪ್ಪ ವಿಡಿಯೋ ಮಾಡುತ್ತಾನೆ. ಕೋಚು ಖುಷಿ, ಅಪ್ಪ ಖುಷಿ, ಫೀಸು ಕಟ್ಟಿದ್ದು ಸಾರ್ಥಕ. ನಾವು ಮಷೀನ್ ಲರ್ನಿಂಗ್ ಮಂದಿ ಇದಕ್ಕೆ ಓವರ್‌ಫಿಟ್ಟಿಂಗ್ ಅಂತೀವಿ. ಕಲಿಸಿದ ಡೇಟಾದ ಮೇಲೇ ಪರೀಕ್ಷೆ ಮಾಡಿ ನೂರಕ್ಕೆ ತೊಂಬತ್ತೊಂಬತ್ತು ಬಂತು ಅಂತ ಯಾರಾದರೂ ಮೀಟಿಂಗ್‌ನಲ್ಲಿ ಹೇಳಿದರೆ ಮುಖ ಮುಖ ನೋಡಿಕೊಂಡು ನಗ್ತೀವಿ. "ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡ್ತಿತ್ತು ಸರ್" ಅನ್ನೋದು ನಮ್ಮಲ್ಲಿ ಜೋಕು. ಶುಕ್ರವಾರ ಆ ಜೋಕಿಗೆ ನಕ್ಕವರೇ ಶನಿವಾರ ನೆಟ್ಸ್ ನೋಡಿ ಟೀಮ್ ಹಾಕುತ್ತಾರೆ.

ನಮ್ಮ ಕಡೆಯ ಕುಸ್ತಿಯಲ್ಲಿ ಈ ತಿಳಿವಳಿಕೆ ಯಾವ ಪ್ರಯೋಗವೂ ಇಲ್ಲದೆ ಇತ್ತು. ಅಭ್ಯಾಸಕ್ಕೆ ನಾವನ್ನೋದೇ ತಾಲೀಮು, ಅಭ್ಯಾಸ ಮಾಡುವ ಮನೆಯೂ ತಾಲೀಮೇ. ಅರಬ್ಬಿಯಲ್ಲಿ ಅದರ ಅರ್ಥ ಕಲಿಸುವುದು. ಪಟ್ಟದ ಪೈಲ್ವಾನನನ್ನು ವಸ್ತಾದ ಹೇಗೆ ತಯಾರು ಮಾಡುತ್ತಾನೆ ನೋಡಿ. ಅವನನ್ನು ಮಣ್ಣಿನಲ್ಲಿ ನಿಲ್ಲಿಸಿ ಒಬ್ಬನ ಹಿಂದೊಬ್ಬ ಹೊಸಬನನ್ನು ಬಿಡುತ್ತಾನೆ. ಒಬ್ಬ ಎತ್ತರ, ಒಬ್ಬ ಗಿಡ್ಡ, ಒಬ್ಬ ಬರೀ ಕಾಲಿಗೆ ಬೀಳುವವನು. ಐದನೆಯವನ ಹೊತ್ತಿಗೆ ದೊಡ್ಡ ಪೈಲ್ವಾನ ಸುಸ್ತಾಗಿ ಹದಿನಾರರ ಹುಡುಗನ ಕೈಲಿ ಬಿದ್ದಿರುತ್ತಾನೆ. ನೋಡುವವರಿಗೆ ಇವನೆಂಥ ಪೈಲ್ವಾನ ಅನ್ನಿಸಬೇಕು. ವಸ್ತಾದನಿಗೆ ಬೇಕಾದದ್ದೇ ಅದು. ತಾಲೀಮಿನಲ್ಲಿ ಬೀಳದವನು ಅಲ್ಲಿ ಏನನ್ನೂ ಕಲಿಯುತ್ತಿಲ್ಲ ಅಂತ ಅವನ ಲೆಕ್ಕ.

ಇನ್ನು ಆಯ್ಕೆ. ಜಾತ್ರೆಯಲ್ಲಿ ಟ್ರಯಲ್ಸ್ ಇರುವುದಿಲ್ಲ. ಮೊದಲು ತೆಂಗಿನಕಾಯಿ ಕುಸ್ತಿ, ಚಿಕ್ಕ ಹುಡುಗರದು. ಗೆದ್ದವನಿಗೆ ಒಂದು ಕಾಯಿ. ಕಾಯಿ ಗೆದ್ದು ಗೆದ್ದು ಹೆಸರಾದವನಿಗೆ ರೊಕ್ಕದ ಕುಸ್ತಿ. ಅದರಲ್ಲೂ ಹೆಸರು ಮಾಡಿದವನಿಗೆ ಕೊನೆಯ ಬೆಳ್ಳಿ ಕಡಗದ ಕುಸ್ತಿ. ಜೋಡಿ ಹಚ್ಚುವ ಹಿರಿಯರು ಹುಡುಗನ ಮೈಕಟ್ಟು ನೋಡುತ್ತಾರೆ, ಇಲ್ಲ ಅನ್ನಲ್ಲ. ಆದರೆ ಚಿಕ್ಕವನಿದ್ದಾಗ ನಾನು "ಅಂವಾ ದಿನಾ ಎಷ್ಟ್ ಬಸ್ಕಿ ಹೊಡೀತಾನ್ರಿ?" ಅಂತ ಬೆರಗಿನಿಂದ ಕೇಳಿದರೆ ನಮ್ಮ ಕಾಕಾ ಹೇಳುತ್ತಿದ್ದದ್ದು, "ತಮ್ಮಾ, ಬಸ್ಕಿ ಏನ್ ಕೇಳ್ತಿ? ಯಾರಿಗಿ ಚಿತ್ ಮಾಡ್ಯಾನ, ಅದು ಕೇಳು." (ಜಾತ್ರೆ ಕುಸ್ತಿಯಲ್ಲೂ ಒಳಒಪ್ಪಂದ ನಡೆಯುತ್ತೆ, ಅದು ಬೇರೆ ಕತೆ.)

ನಮ್ಮ ರಾಜ್ಯದ ಕ್ರಿಕೆಟ್ಟನ್ನೇ ತಗೊಳ್ಳಿ. ಬಿ.ಎಸ್. ಚಂದ್ರಶೇಖರ್ ಅವರಿಗೆ ಬಾಲ್ಯದಲ್ಲಿ ಪೋಲಿಯೋ ಆಗಿ ಬಲಗೈ ಸೊರಗಿತ್ತು. ಅದೇ ಕೈಯಿಂದ 58 ಟೆಸ್ಟ್‌ಗಳಲ್ಲಿ 242 ವಿಕೆಟ್. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ತಂದರು. ಇವತ್ತಿನ ಯಾವ ಫಿಟ್‌ನೆಸ್ ಫಾರ್ಮಿನಲ್ಲಿ ಅವರನ್ನು ತುಂಬಿಸುತ್ತೀರಿ? ಎರಪಳ್ಳಿ ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿ, ಎಂಜಿನಿಯರಿಂಗ್ ಓದು ಮುಗಿಸಲು ಹೋದವರು ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಅಷ್ಟು ವರ್ಷ ರಾಷ್ಟ್ರೀಯ ತಂಡದ ಅಭ್ಯಾಸದ ಹತ್ತಿರವೂ ಸುಳಿಯದವರು 20 ಟೆಸ್ಟ್‌ಗಳಲ್ಲಿ ನೂರು ವಿಕೆಟ್ ಮುಟ್ಟಿದರು. (ಬಿಇ ಮಾಡಿದವರು ಇಲ್ಲಿ ಒಂದು ಕ್ಷಣ ಎದೆಯುಬ್ಬಿಸಬಹುದು.)

ಈಗಿನದಕ್ಕೆ ಬರೋಣ. ಯೋ-ಯೋ ಟೆಸ್ಟ್ ಅಂತ ಒಂದಿದೆ. ಡೆನ್ಮಾರ್ಕಿನ ಯೆನ್ಸ್ ಬ್ಯಾಂಗ್ಸ್‌ಬೋ ಫುಟ್‌ಬಾಲಿಗರಿಗಾಗಿ ರೂಪಿಸಿದ್ದು. 20 ಮೀಟರ್ ಹೋಗಿ 20 ಮೀಟರ್ ವಾಪಸ್ ಓಡು, 10 ಸೆಕೆಂಡ್ ಸುಧಾರಿಸಿಕೋ, ಮತ್ತೆ ಇನ್ನೂ ವೇಗವಾಗಿ ಓಡು. 2018ರ ಜೂನ್‌ನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಮೊಹಮ್ಮದ್ ಶಮಿ ಇದರಲ್ಲಿ ಫೇಲಾದರು. ಚಿನ್ನಸ್ವಾಮಿಯಲ್ಲಿ ನಡೆದ ಅಫ್ಘಾನಿಸ್ತಾನದ ಟೆಸ್ಟ್‌ನಿಂದ ಹೊರಗೆ. ಅದೇ 2018ರಲ್ಲಿ ಶಮಿ ಪಡೆದ ಟೆಸ್ಟ್ ವಿಕೆಟ್ 47. ಅಂಬಟಿ ರಾಯುಡು ಆ ವರ್ಷದ ಐಪಿಎಲ್‌ನಲ್ಲಿ 602 ರನ್ ಹೊಡೆದು ಏಕದಿನ ತಂಡಕ್ಕೆ ಬಂದವರು, ಇದೇ ಓಟದಲ್ಲಿ ಫೇಲಾಗಿ ಇಂಗ್ಲೆಂಡ್ ವಿಮಾನ ತಪ್ಪಿಸಿಕೊಂಡರು. ಫಿಟ್‌ನೆಸ್ ಬೇಡ ಅಂತ ನಾನು ಹೇಳುತ್ತಿಲ್ಲ. ಓಡುವ ಪರೀಕ್ಷೆ ಓಡುವುದನ್ನು ಅಳೆಯುತ್ತೆ. ಅದನ್ನು ಗೇಟ್ ಮಾಡಿ ನಿಲ್ಲಿಸಿದಾಗ 602 ರನ್ನು ಗೇಟಿನ ಹೊರಗೆ ನಿಂತಿತು, ಅಷ್ಟೇ.

ಕರುಣ್ ನಾಯರ್ ಕತೆ ನಿಮಗೆ ಗೊತ್ತೇ ಇದೆ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಅಜೇಯ 303, ಅದೂ ಆತನ ಮೂರನೇ ಟೆಸ್ಟ್ ಇನಿಂಗ್ಸ್. ಮುಂದಿನ ಟೆಸ್ಟ್‌ಗೆ ಜಾಗವಿಲ್ಲ. 2018ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದರು. ಐದು ಟೆಸ್ಟ್ ಸರಣಿ ಪೂರ್ತಿ ಆತ ಕಂಡದ್ದು ಬರೀ ನೆಟ್ಸ್. ಓವಲ್ ಟೆಸ್ಟ್‌ಗೆ ಜಾಗ ಖಾಲಿಯಾದಾಗ ಸರಣಿಯ ನಡುವೆ ತಂಡ ಸೇರಿದ ಹನುಮ ವಿಹಾರಿ ಆಡಿದರು. ವಿಹಾರಿ 56 ಹೊಡೆದರು, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ನನ್ನ ಪ್ರಶ್ನೆ ಬೇರೆ. ಒಬ್ಬನನ್ನು ಎರಡು ತಿಂಗಳು ಪಂದ್ಯವಿಲ್ಲದೆ ಕೂರಿಸಿದರೆ ಅವನ ಬಗ್ಗೆ ತೀರ್ಮಾನಿಸಲು ನೆಟ್ಸ್ ಬಿಟ್ಟು ಇನ್ನೇನು ಉಳಿದಿರುತ್ತೆ? ಮುನ್ನೂರು ಹೊಡೆದ ದಾಖಲೆ ಇರುವಾಗ ಬಲೆಯೊಳಗೆ ಅವನ ಕಾಲು ಹೇಗೆ ಚಲಿಸುತ್ತಿದೆ ಅಂತ ನೋಡುವ ಸ್ಥಿತಿಯನ್ನು ತಂದಿಟ್ಟವರು ಯಾರು?

ಈ ಕತೆಗೆ ಇನ್ನೊಂದು ಅಧ್ಯಾಯ ಇದೆ. ಅದು ನನ್ನ ವಾದಕ್ಕೆ ಅಷ್ಟು ಅನುಕೂಲವಾಗಿಲ್ಲ, ಆದರೂ ಹೇಳಬೇಕು. ಕರುಣ್ ವಿದರ್ಭಕ್ಕೆ ಹೋಗಿ 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕ ಸೇರಿ 779 ರನ್ ಹೊಡೆದರು, ರಣಜಿಯಲ್ಲಿ 863. ಎಲ್ಲವೂ ಪಂದ್ಯದ ರನ್ನು, ನೆಟ್ಸ್‌ದಲ್ಲ. ಅದರ ಬಲದ ಮೇಲೆ 2025ರಲ್ಲಿ ಮತ್ತೆ ಇಂಗ್ಲೆಂಡ್. ನಾಲ್ಕು ಟೆಸ್ಟ್, 205 ರನ್, ಒಂದೇ ಅರ್ಧಶತಕ. ಅಂದರೆ ಪಂದ್ಯವೂ ಮುಂದಿನ ಪಂದ್ಯವನ್ನು ಪೂರ್ತಿ ಹೇಳುವುದಿಲ್ಲ. ನಾಗಪುರದ ಪಿಚ್ಚು ಲೀಡ್ಸ್‌ನ ಪಿಚ್ಚಲ್ಲ. ಒಪ್ಪಿದೆ. ಆದರೆ ಇದು ನೆಟ್ಸ್ ಪರವಾದ ವಾದ ಆಗುವುದು ಹೇಗೆ? ಪಂದ್ಯದಿಂದಲೇ ಇಷ್ಟು ಅರೆಬರೆ ಗೊತ್ತಾಗುವುದಾದರೆ, ಪಂದ್ಯದ ಹತ್ತನೇ ಒಂದು ಪಾಲೂ ಇಲ್ಲದ ನೆಟ್ಸ್‌ನಿಂದ ಇನ್ನೆಷ್ಟು ಗೊತ್ತಾದೀತು!

"ಹಾಗಾದರೆ ದ್ರಾವಿಡ್ ಅಷ್ಟು ಬೆವರು ಸುರಿಸಿದ್ದು ಸುಮ್ಮನೇನಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಟೆಸ್ಟ್‌ನಲ್ಲಿ 31,258 ಬಾಲ್ ಎದುರಿಸಿದ ಮನುಷ್ಯನ ಅಭ್ಯಾಸದ ಬಗ್ಗೆ ಯಾರು ಎರಡು ಮಾತಾಡುತ್ತಾರೆ? ಅಭ್ಯಾಸ ಮಾಡುವುದು ಬೇರೆ, ಅಭ್ಯಾಸದಲ್ಲಿ ಚೆನ್ನಾಗಿ ಕಾಣುವುದು ಬೇರೆ. ಅವೆರಡನ್ನೂ ಒಂದೇ ಗಂಟು ಕಟ್ಟುವುದರಿಂದಲೇ ಈ ಗೊಂದಲ. ಎಷ್ಟು ತಾಸು ಅಭ್ಯಾಸ ಅನ್ನೋದಕ್ಕೂ ಒಂದು ಲೆಕ್ಕ ಇದೆ. ಮೆಕ್‌ನಮಾರ ಮತ್ತು ಸಂಗಡಿಗರು 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕ್ರೀಡೆಯಲ್ಲಿ ಒಬ್ಬರಿಂದೊಬ್ಬರಿಗೆ ಇರುವ ವ್ಯತ್ಯಾಸದಲ್ಲಿ ಸುಮಾರು ಶೇ 18ನ್ನು ಅಭ್ಯಾಸದ ತಾಸುಗಳಿಂದ ವಿವರಿಸಬಹುದು ಅಂತ ಕಂಡಿತು. ಉನ್ನತ ಮಟ್ಟದ ಆಟಗಾರರನ್ನು ಮಾತ್ರ ತಗೊಂಡರೆ ಅದು ಶೇ 1ಕ್ಕೆ ಇಳಿಯಿತು. ಇದನ್ನು ಓದಿ ಅಭ್ಯಾಸ ದಂಡ ಅನ್ನಬೇಡಿ. ಆ ಮಟ್ಟಕ್ಕೆ ಬಂದವರೆಲ್ಲರೂ ಬೇಕಾದಷ್ಟು ಬೆವರು ಸುರಿಸಿಯೇ ಬಂದವರು. ಎಲ್ಲರ ಹತ್ತಿರವೂ ಇರುವ ವಸ್ತುವನ್ನು ನೋಡಿ ಯಾರು ಮೇಲು ಅಂತ ಆರಿಸಲಾಗದು, ಅಷ್ಟೇ.

ಇನ್ನೊಂದು ವಾದಕ್ಕೆ ತೂಕ ಇದೆ. ಒಂದು ಮ್ಯಾಚ್ ಅಂದರೆ ಒಂದು ಇನಿಂಗ್ಸ್, ಒಂದು ಒಳ್ಳೇ ಬಾಲ್ ಬಿದ್ದರೆ ಮುಗಿಯಿತು. ಕೋಚ್ ದಿನಾ ನೋಡುತ್ತಾನೆ, ತಿಂಗಳಲ್ಲಿ ಸಾವಿರ ಬಾಲ್ ನೋಡುತ್ತಾನೆ, ಅವನ ಕಣ್ಣಿಗೆ ಬೆಲೆ ಇಲ್ಲವೇ? ಇದೆ. ಮೊಣಕೈ ನೋವು, ತಲೆ ವಾಲುವುದು, ಸೋಮಾರಿತನ, ತಂಡದವರ ಜೊತೆ ಜಗಳ, ಇವೆಲ್ಲ ದಿನಾ ನೋಡುವವನಿಗೇ ಕಾಣುವುದು. ಆದರೆ ಸಾವಿರ ಬಾಲ್ ಅನ್ನುವ ಸಂಖ್ಯೆಗೆ ಮರುಳಾಗಬೇಡಿ. ತಪ್ಪು ಜಾಗದಲ್ಲಿ ಸಾವಿರ ಸಲ ಅಳೆದರೆ ತಪ್ಪು ಉತ್ತರ ಇನ್ನಷ್ಟು ಖಚಿತವಾಗಿ ಬರುತ್ತೆ. ಪಂದ್ಯ ಕಮ್ಮಿ ಅನ್ನೋದು ಸಮಸ್ಯೆಯಾದರೆ ಪರಿಹಾರ ಹೆಚ್ಚು ಪಂದ್ಯ. ಹೆಚ್ಚು ನೆಟ್ಸ್ ಅಲ್ಲ.

ಅಭ್ಯಾಸಕ್ಕೆ ಬರುವುದನ್ನೇ ಮಾನದಂಡ ಮಾಡಿದರೆ ಇನ್ನೊಂದು ಆಗುತ್ತೆ. ಬೆಳಿಗ್ಗೆ ಆರೂವರೆಗೆ ಮೈದಾನದಲ್ಲಿ ಇರಬೇಕು ಅಂದರೆ ಹಾಸ್ಟೆಲ್ಲಿನವನು ಇರುತ್ತಾನೆ, ಸ್ಕೂಟಿ ಇದ್ದವನು ಇರುತ್ತಾನೆ. ಹಳ್ಳಿಯಿಂದ ಸರ್ಕಾರಿ ಬಸ್ಸಿಗೆ ಬರುವವನು ಎಂಟಕ್ಕೆ ಇಳಿಯುತ್ತಾನೆ. ಅವನ ಹೆಸರಿನ ಮುಂದೆ "ರೆಗ್ಯುಲರ್ ಇಲ್ಲ" ಅಂತ ಬೀಳುತ್ತೆ. ಒಕ್ಕಲುತನದ ಕೆಲಸ ಇದ್ದ ದಿನ ಅದೂ ಇಲ್ಲ. ಅವನು ಹಿಂದಿನ ಭಾನುವಾರ ಮುರುಮಿನ ನೆಲದ ಮೇಲೆ, ಬಾಲು ಎಲ್ಲಿ ಬಿದ್ದು ಎಲ್ಲಿಗೆ ಏಳುತ್ತೆ ಅಂತ ದೇವರಿಗೂ ಗೊತ್ತಿಲ್ಲದ ಪಿಚ್ಚಿನಲ್ಲಿ ಐವತ್ತು ಹೊಡೆದದ್ದು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲ್‌ನಲ್ಲಿ, ಮದುವೆ ಇದ್ದ ದಿನ ಆಟ ಇಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಅವರಿಗೂ ಯಾರಾದರೂ ಅಟೆಂಡೆನ್ಸ್ ಶೇ 75 ಕೇಳಿದ್ದರೆ?

ಗುಲ್ಬರ್ಗದ ಹೆಸರಿನ ತಂಡ 2022ರ ಮಹಾರಾಜ ಟ್ರೋಫಿ ಗೆದ್ದಾಗ ನಮ್ಮ ಕಡೆಯವರ ವಾಟ್ಸಾಪ್ ಸ್ಟೇಟಸ್ ಎಲ್ಲ ಅದೇ. ಆ ಟೂರ್ನಿಯ ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ನಮ್ಮ ಹೆಸರು ಆಡುತ್ತೆ, ನಮ್ಮ ನೆಲದಲ್ಲಿ ಪಂದ್ಯ ಇಲ್ಲ. ಕಲ್ಯಾಣ ಕರ್ನಾಟಕಕ್ಕೆ ಟರ್ಫ್ ಕೊಡಿ, ಅಕಾಡೆಮಿ ಕೊಡಿ ಅಂತ ಕೇಳುವವರಿಗೆ ನನ್ನ ಬೆಂಬಲ ಇದೆ, ಆದರೆ ಮೊದಲು ಕೇಳಬೇಕಾದ್ದು ಅದಲ್ಲ. ಸ್ಕೋರ್ ಬರೆದಿಡುವ ಪಂದ್ಯಗಳನ್ನು ಕೇಳಿ.

ಕಾಲೇಜುಗಳು ಮಾಡಬೇಕಾದ್ದು ದೊಡ್ಡದೇನಲ್ಲ. ನಲವತ್ತು ಹುಡುಗರು ಬಂದರೆ ನಾಲ್ಕು ತಂಡ ಮಾಡಿ. ಆರು ಬಾಲಿನ ಬದಲು ಮೂರು ಶನಿವಾರ, ದಿನಕ್ಕೆ ಎರಡು ಪಂದ್ಯ, ಇಪ್ಪತ್ತು ಓವರಿನವು. ಮೊದಲ ಪಂದ್ಯ ಹತ್ತು ಗಂಟೆಗೆ ಶುರುವಾಗಲಿ, ಬಸ್ಸಿನವರು ಬರಲಿ. ಯಾರನ್ನೂ ಒಂದೇ ಕ್ರಮಾಂಕಕ್ಕೆ ಕಟ್ಟಿಹಾಕಬೇಡಿ; ಕೊನೆಯ ಐದು ಓವರಿಗೆ ಐವತ್ತು ಬೇಕಾದಾಗ ಒಮ್ಮೆ, ಹತ್ತಕ್ಕೆ ಮೂರು ಬಿದ್ದಾಗ ಒಮ್ಮೆ ಇಳಿಸಿ. ಪ್ಯಾಡ್ ಕಟ್ಟಲು ಬಾರದವನಿಗೆ ಹಿಂದಿನ ದಿನವೇ ಕಟ್ಟುವುದು ತೋರಿಸಿ, ಅದಕ್ಕೆ ಐದು ನಿಮಿಷ ಸಾಕು. ಖರ್ಚು ಅಂದರೆ ಹನ್ನೆರಡು ಬಾಲು, ಇಬ್ಬರು ಅಂಪೈರು, ಮಧ್ಯಾಹ್ನಕ್ಕೆ ಸುಸಲಾ ಮತ್ತು ಚಹಾ, ಊರಿಂದ ಬರುವವರ ಬಸ್ ಚಾರ್ಜು. ವಾರ್ಷಿಕೋತ್ಸವದ ಡಿಜೆಗೆ ಕೊಡುವುದಕ್ಕಿಂತ ಕಮ್ಮಿ. ಕಬಡ್ಡಿಗೂ ಹೀಗೇ, ವಾಲಿಬಾಲಿಗೂ ಹೀಗೇ. ಹುಡುಗಿಯರ ತಂಡಕ್ಕೆ ಇದು ಇನ್ನೂ ಹೆಚ್ಚು ಅನ್ವಯ, ಯಾಕಂದರೆ ಅವರಲ್ಲಿ ಅನೇಕರಿಗೆ ಬೆಳಿಗ್ಗೆ ಆರೂವರೆಯ ಅಭ್ಯಾಸಕ್ಕೆ ಮನೆಯಿಂದ ಅನುಮತಿಯೇ ಸಿಗುವುದಿಲ್ಲ.

ಕಂಪನಿ ತಂಡದ ಕ್ಯಾಪ್ಟನ್ನುಗಳೇ, ನಿಮಗೆ ಇದಕ್ಕಿಂತಲೂ ಸುಲಭ. ಕಳೆದ ಎರಡು ವರ್ಷದ ಸ್ಕೋರ್ ಆ್ಯಪಿನಲ್ಲಿ ಈಗಾಗಲೇ ಇದೆ. ಶುಕ್ರವಾರ ರಾತ್ರಿ ಟೀಮ್ ಹಾಕುವ ಮುಂಚೆ ಅದನ್ನು ತೆಗೆಯಿರಿ. ಎಂಟನೇ ಕ್ರಮಾಂಕದಲ್ಲಿ ಇಳಿದು, ಗಲೀಜು ಗಲೀಜಾಗಿ ಬ್ಯಾಟ್ ಬೀಸಿ, ಸೋಲುತ್ತಿದ್ದ ಮೂರು ಮ್ಯಾಚಿನಲ್ಲಿ ಔಟಾಗದೆ ಉಳಿದವನೊಬ್ಬ ಆ ಪಟ್ಟಿಯಲ್ಲಿರುತ್ತಾನೆ. ನೆಟ್ಸ್‌ಗೆ ಅವನು ಬರೋದು ಕಮ್ಮಿ, ಬಂದರೂ ಬೌಲಿಂಗ್ ಹಾಕಿಸಿ ಕಳಿಸಿರುತ್ತೀರಿ. ಈ ಭಾನುವಾರ ಅವನನ್ನು ನಾಲ್ಕನೇ ಕ್ರಮಾಂಕಕ್ಕೆ ಇಳಿಸಿ.